ಘಟಕದ ಗೇಟಿನ ಸ್ಯಾಂಪಲ್ ನಂಬಿ ಕೂರಬೇಡಿ

ನೀರು ಶುದ್ಧೀಕರಣ ಘಟಕದಿಂದ ಹೊರಬೀಳುವ ಕಡೆಯೇ ಸ್ಯಾಂಪಲ್ ಹಿಡಿದು ‘ನೈಟ್ರೈಟ್ ಇಲ್ಲ’ ಎಂದು ಬರೆದ ವರದಿಗೆ ಕಿಮ್ಮತ್ತಿಲ್ಲ. ನೈಟ್ರೈಟ್ ಎಂದರೆ ಎಳೆಮಕ್ಕಳ ರಕ್ತಕ್ಕೆ ಅಪಾಯ ತರುವ ನೈಟ್ರೋಜನ್ ಸಂಯುಕ್ತ. ರೋಗಾಣು ಕೊಲ್ಲಲು ಕ್ಲೋರಮೈನ್ (ಕ್ಲೋರಿನ್-ಅಮೋನಿಯಾ ಸೇರಿಸಿ ಮಾಡಿದ್ದು) ಹಾಕುವ ನಗರಗಳಲ್ಲಿ ನೈಟ್ರೈಟ್ ಹುಟ್ಟುವುದೇ ಆಮೇಲೆ: ನೀರು ನಿಂತ ಟ್ಯಾಂಕಿನಲ್ಲಿ, ಪೈಪ್‌ಲೈನ್ ಮುಗಿಯುವ ಕೊನೆಗಳಲ್ಲಿ.

ಕ್ಲೋರಮೈನ್ ಮಾಡಲು ಕ್ಲೋರಿನ್ ಮತ್ತು ಅಮೋನಿಯಾ-ನೈಟ್ರೋಜನ್ (ಅಮೋನಿಯಾದಲ್ಲಿರುವ ನೈಟ್ರೋಜನ್ ಮಾತ್ರ) ತೂಕದಲ್ಲಿ 4.5ರಿಂದ 5ಕ್ಕೆ 1 ಇರಬೇಕು. ಕ್ಲೋರಿನ್ 3ಕ್ಕೆ ಇಳಿದರೆ ಅಮೋನಿಯಾ ಮಿಕ್ಕುತ್ತದೆ. ಪೈಪಿನ ಗೋಡೆಯ ಲೋಳೆಯಲ್ಲಿ, ಟ್ಯಾಂಕಿನ ತಳದ ಹೂಳಿನಲ್ಲಿ ಬೇರೂರಿದ ನೈಟ್ರೊಸೊಮೊನಾಸ್ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. 25–30 ಡಿಗ್ರಿ ಬಿಸಿಯಿದ್ದರಂತೂ ಅದಕ್ಕೆ ಹಬ್ಬ. ಆ ನೈಟ್ರೈಟ್ ಕ್ಲೋರಮೈನನ್ನು ಒಡೆಯುತ್ತದೆ, ಒಡೆದ ಕ್ಲೋರಮೈನ್ ಮತ್ತೆ ಅಮೋನಿಯಾ ಬಿಡುತ್ತದೆ, ಬ್ಯಾಕ್ಟೀರಿಯಾಕ್ಕೆ ಮತ್ತೆ ಊಟ.

ಹಾಗಾಗಿ ‘ಮಿತಿಯೊಳಗಿದೆ’ ಎಂಬ ಸಮಾಧಾನ ನನಗೆ ಹಿಡಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 3 ಮಿಲಿಗ್ರಾಂ, ಅಮೆರಿಕದ್ದು 1. ಮೂರು ಪಟ್ಟು ವ್ಯತ್ಯಾಸ ಅನಿಸುತ್ತದೆ, ಆದರೆ ಮೊದಲನೆಯದು ಇಡೀ ನೈಟ್ರೈಟಿನ ತೂಕದ ಲೆಕ್ಕ, ಎರಡನೆಯದು ಅದರೊಳಗಿನ ನೈಟ್ರೋಜನ್ನಿನ ತೂಕದ ಲೆಕ್ಕ, ಎರಡನೆಯದನ್ನು 3.3ರಿಂದ ಗುಣಿಸಿದರೆ ಹೆಚ್ಚುಕಮ್ಮಿ ಒಂದೇ. (ಯಾವ ಲೆಕ್ಕ ಎಂದು ಬರೆಯದ ವರದಿಯನ್ನು ವಾಪಸ್ ಕಳಿಸಿ.) ಕೆಲಸಗಾರನಿಗೆ ಮುಖ್ಯವಾದದ್ದು ಇದಕ್ಕಿಂತ ಬಹಳ ಕೆಳಗಿನ ಸಂಖ್ಯೆ: ನೈಟ್ರೋಜನ್ ಲೆಕ್ಕದಲ್ಲಿ ಲೀಟರಿಗೆ 0.05 ಮಿಲಿಗ್ರಾಂ ದಾಟಿ, ಜೊತೆಗೆ ಉಳಿಕೆ ಕ್ಲೋರಿನ್ (ಪೈಪಿನ ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್) ಇಳಿಯುತ್ತಿದ್ದರೆ ರೋಗಾಣು ತಡೆಯುವ ಶಕ್ತಿ ಆ ಪೈಪಿನಲ್ಲಿ ಸೋರಿಹೋಗುತ್ತಿದೆ ಎಂದೇ ಅರ್ಥ.

ಆಗ ಘಟಕದಲ್ಲಿ ಕ್ಲೋರಿನ್ ಏರಿಸುವುದು ಸಾಮಾನ್ಯ ತಪ್ಪು. ಅನುಪಾತ 5 ದಾಟಿದರೆ ಡೈಕ್ಲೋರಮೈನ್ ಎಂಬ ಬೇರೊಂದು ಕ್ಲೋರಿನ್ ಸಂಯುಕ್ತವಾಗಿ ವಾಸನೆ ಬರುತ್ತದೆ, ಉಳಿಕೆಯೂ ಬೀಳುತ್ತದೆ. ಕೊನೆಯ ವಾಲ್ವ್ ತೆರೆದು ಹಳೆಯ ನೀರು ಹೊರಬಿಡಿ, ಟ್ಯಾಂಕಿನ ಹೂಳು ತೆಗೆಯಿರಿ, ಅದರ ನೀರು ಮೂರರಿಂದ ಐದು ದಿನದೊಳಗೆ ಪೂರ್ತಿ ಬದಲಾಗುವಂತೆ ಪಂಪ್ ಓಡಿಸಿ. ಆಗಲೂ ಬಗ್ಗದಿದ್ದರೆ ಎರಡರಿಂದ ನಾಲ್ಕು ವಾರ ಅಮೋನಿಯಾ ನಿಲ್ಲಿಸಿ ಬರೀ ಕ್ಲೋರಿನ್ ಹರಿಸಬೇಕು. ಆ ದಿನಗಳಲ್ಲಿ ಟ್ರೈಹ್ಯಾಲೋಮೀಥೇನ್ (ಕ್ಲೋರಿನ್ ನೀರಿನ ಸಾವಯವ ಪದಾರ್ಥದ ಜೊತೆ ಸೇರಿ ಹುಟ್ಟುವ ಉಪವಸ್ತು) ಏರುತ್ತದೆ, ಜನರಿಗೆ ಮೊದಲೇ ತಿಳಿಸಬೇಕು.

ಸ್ಯಾಂಪಲ್‌ಗೆ ಆಮ್ಲ ಹಾಕಬೇಡಿ. 4 ಡಿಗ್ರಿಯಲ್ಲಿಟ್ಟು 48 ಗಂಟೆಯೊಳಗೆ ಪರೀಕ್ಷಿಸಿ. ಒಂದೇ ಸ್ಯಾಂಪಲ್‌ನಲ್ಲಿ ಫ್ರೀ ಕ್ಲೋರಿನ್ನೂ (ಅಮೋನಿಯಾ ಜೊತೆ ಸೇರದ ಕ್ಲೋರಿನ್) ನೈಟ್ರೈಟೂ ಕಂಡರೆ ಅನುಮಾನಿಸಿ, ಅವೆರಡೂ ಒಟ್ಟಿಗೆ ಉಳಿಯುವುದಿಲ್ಲ. ಡಿಪಿಡಿ (ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ತಿರುಗುವ ಪರೀಕ್ಷಾ ರಾಸಾಯನಿಕ) ಹಾಕಿ ತಡಮಾಡಿ ಓದಿದರೆ ಕ್ಲೋರಮೈನೇ ಫ್ರೀ ಕ್ಲೋರಿನ್ ವೇಷದಲ್ಲಿ ಕಾಣಿಸುತ್ತದೆ.

ನೈಟ್ರೈಟ್ ಮಿತಿ ದಾಟಿದ ನೀರನ್ನು ಕುದಿಸಿದರೆ ಪ್ರಯೋಜನವಿಲ್ಲ. ನೀರು ಆವಿಯಾಗಿ ಉಳಿದ ನೀರಿನಲ್ಲಿ ನೈಟ್ರೈಟ್ ಇನ್ನೂ ದಟ್ಟವಾಗುತ್ತದೆ. ಕಾರ್ಬನ್ ಫಿಲ್ಟರ್ ಕೂಡ ತಡೆಯದು. ಆರು ತಿಂಗಳೊಳಗಿನ ಮಗುವಿನ ರಕ್ತದಲ್ಲಿ ಅದು ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ನನ್ನೇ ಕೆಡಿಸುತ್ತದೆ, ತುಟಿ-ಉಗುರು ನೀಲಿಗಟ್ಟುತ್ತವೆ. ಹಾಲುಪುಡಿ ಕಲಸಲು ಬೇರೆ ನೀರನ್ನೇ ಬಳಸಿ.