ಸತ್ಯಾಂಶ: ಪಿಚ್ ಜಾಸ್ತಿ ಇದ್ದರೆ ದೋಣಿ ಜೋರಾಗಿ ಓಡುತ್ತದಾ?

"ಹೆಚ್ಚು ಪಿಚ್‌ನ ಪ್ರೊಪೆಲ್ಲರ್ ಹಾಕಿ, ಅದೇ ಎಂಜಿನ್‌ನಲ್ಲಿ ಸ್ಪೀಡ್ ಜಾಸ್ತಿ, ಪೆಟ್ರೋಲೂ ಉಳಿತಾಯ." ಔಟ್‌ಬೋರ್ಡ್ (ಹಿಂಬದಿಯ ಹೊರಗೆ ಕೂರಿಸುವ ಎಂಜಿನ್) ದೋಣಿ ಇರುವವರಿಗೆ ಈ ಮೆಸೇಜ್ ಬಂದಿರಬಹುದು. ಅರ್ಧ ಮಾತ್ರ ಸರಿ: ಎಂಜಿನ್ ಅಷ್ಟೇ ಜೋರಾಗಿ ತಿರುಗಿದರೆ ಮಾತ್ರ ಸ್ಪೀಡ್ ಜಾಸ್ತಿ.

ಪ್ರೊಪೆಲ್ಲರ್ ಮೇಲೆ 9¼ x 10 ಅಂತ ಬರೆದಿದ್ದರೆ, ಮೊದಲನೆಯದು ಅಗಲ (ವ್ಯಾಸ), ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ 10 ಅಂದರೆ, ಮರಕ್ಕೆ ಸ್ಕ್ರೂ ಹೋದ ಹಾಗೆ ಒಂದು ಸುತ್ತಿಗೆ 10 ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕ. ನೀರು ಜಾರುತ್ತದಲ್ವಾ, ಹಾಗಾಗಿ ನಿಜಕ್ಕೂ ಅಷ್ಟು ಹೋಗುವುದಿಲ್ಲ.

ಮೆಸೇಜ್ ಬಿಟ್ಟಿರುವ ವಿಷಯ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು. ಫುಲ್ ಥ್ರಾಟಲ್‌ನಲ್ಲಿ ಎಂಜಿನ್ ಎಷ್ಟು ತಿರುಗಬೇಕು ಅಂತ ಮ್ಯಾನುವಲ್‌ನಲ್ಲೇ ಇರುತ್ತದೆ, ಎಷ್ಟೋ ಸಣ್ಣ ಫೋರ್ ಸ್ಟ್ರೋಕ್ ಎಂಜಿನ್‌ಗಳಿಗೆ 5,000ದಿಂದ 6,000. ಬಲೆ, ಐಸ್, ನಾಲ್ಕು ಜನ ಹತ್ತಿದ ನಾಡದೋಣಿಗೆ ದೊಡ್ಡ ಪಿಚ್ ಹಾಕಿದರೆ ಎಂಜಿನ್ 4,700ರಲ್ಲೇ ತಿಣುಕುತ್ತಾ ನಿಂತುಬಿಡುತ್ತದೆ, ಪೂರ್ತಿ ಶಕ್ತಿ ಹೊರಗೆ ಬರುವುದೇ ಇಲ್ಲ, ಬಿಸಿ ಏರುತ್ತದೆ, ಪಿಸ್ಟನ್, ಬೇರಿಂಗ್‌ಗೆಲ್ಲ ಹೊಡೆತ. ಉಳಿತಾಯ ಎಲ್ಲಿಂದ ಬಂತು? ಪಿಚ್ ತೀರಾ ಕಡಿಮೆಯಾದರೂ ಕಷ್ಟವೇ, ಎಂಜಿನ್ ಮಿತಿ ಮೀರಿ ತಿರುಗುತ್ತದೆ.

ದಿನಾ ಹಾಕುವಷ್ಟೇ ಲೋಡ್ ಹಾಕಿ, ಶಾಂತ ನೀರಿನಲ್ಲಿ ಫುಲ್ ಥ್ರಾಟಲ್ ಕೊಟ್ಟು, ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ನೋಡಿ. ಖಾಲಿ ದೋಣಿಯಲ್ಲಿ ನೋಡಿದರೆ ಸುಮ್ನೆ ದಂಡ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. 4,700ಕ್ಕೆ ನಿಂತಿದ್ದರೆ 10ರ ಬದಲು 8 ಹಾಕಿದಾಗ 5,000 ಮುಟ್ಟುತ್ತದೆ, ಭಾರ ಇನ್ನೂ ಹೆಚ್ಚಾದರೆ 7 ನೋಡಬಹುದು. ಅದಕ್ಕೂ ಮೊದಲು ರೆಕ್ಕೆ ಬಗ್ಗಿದೆಯಾ, ಅಂಚು ಕಿತ್ತಿದೆಯಾ ನೋಡಿಕೊಳ್ಳಿ.