ಬಾಲ ಕಳೆದುಕೊಂಡ ಮ್ಯೂ

ಕೃಷಿ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯ ದರಪಟ್ಟಿಯೊಂದು ಕಚೇರಿಯ ಗೋಡೆಯಲ್ಲಿ ನೇತಾಡುತ್ತಿತ್ತು. ಉದ್ದ ಸರಿ, ಅಗಲ ಸರಿ, ಬಣ್ಣವೂ ಸರಿ. ದಪ್ಪ ಮಾತ್ರ 500 ಮಿ.ಮೀ.! ಅರ್ಧ ಮೀಟರು. ಅಷ್ಟು ದಪ್ಪದ ಹಾಳೆ ತರುವ ಬದಲು ಹೊಂಡ ತೋಡದೇ ಇರುವುದು ಅಗ್ಗ. ಬರೆದವರ ಮನಸ್ಸಿನಲ್ಲಿದ್ದದ್ದು 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರು. ಐದು ಜೆರಾಕ್ಸ್ ಹಾಳೆ ಒತ್ತಿ ಹಿಡಿದಷ್ಟು. ಪಟ್ಟಿಯ ಮುಂದೆ ಎಷ್ಟೋ ಜನ ನಿಂತು ಹೋದರು, ಯಾರ ಹುಬ್ಬೂ ಏರಲಿಲ್ಲ. ದರದಲ್ಲಿ ಒಂದೇ ಒಂದು ಸೊನ್ನೆ ಹೆಚ್ಚಾಗಿದ್ದರೆ ಅವತ್ತೇ ಗಲಾಟೆಯಾಗುತ್ತಿತ್ತು.

ಇಂಥದ್ದಕ್ಕೆಲ್ಲ ನಾವು ಸೊನ್ನೆಯನ್ನೇ ಬಯ್ಯುತ್ತೇವೆ. ಪಾಪ, ಅದರದೇನೂ ತಪ್ಪಿಲ್ಲ. ನ್ಯಾನೋ, ಮೈಕ್ರೋ, ಮಿಲಿ, ಮೀಟರು, ಕಿಲೋ: ಐದು ಮೆಟ್ಟಿಲು, ನಾಲ್ಕು ಹೆಜ್ಜೆ, ಹೆಜ್ಜೆಗೆ ಮೂರು ಸೊನ್ನೆ. ಒಂದು ಕಿಲೋಮೀಟರಿಗೆ ಲಕ್ಷ ಕೋಟಿ ನ್ಯಾನೋಮೀಟರು. ಬಜೆಟ್ ಸುದ್ದಿ ಓದುವವರಿಗೆ ಈ ಮೊತ್ತ ಹೊಸದಲ್ಲ. ಸೊನ್ನೆ ಸೇರಿಸಬೇಕೋ ಕಳೆಯಬೇಕೋ ಎಂದು ತಡವರಿಸುವವರು ಐನೂರರ ನೋಟಿಗೆ ಚಿಲ್ಲರೆ ತಂದದ್ದನ್ನು ನೆನೆದರೆ ಸಾಕು: ನಾಣ್ಯ ಚಿಕ್ಕದಾದಷ್ಟೂ ಎಣಿಕೆ ಜಾಸ್ತಿ. ಎಡವಿಸುವುದು ಸೆಂಟಿಮೀಟರು. ಮೂರರ ಲೆಕ್ಕಕ್ಕೆ ಸೇರದೆ ಮೆಟ್ಟಿಲ ಮಧ್ಯೆ ಕಾಲು ಚಾಚಿ ಕೂತಿರುತ್ತದೆ. ಅದನ್ನು ಮೊದಲು ಹತ್ತು ಮಿಲಿ ಮಾಡಿಕೊಂಡೇ ಕೆಳಗಿಳಿಯಬೇಕು. ನಮ್ಮ ಅಲ್ಪವಿರಾಮವೂ ಕೈಕೊಡುತ್ತದೆ. 1,000,000,000 ಎಂದು ಬರೆದರೆ ಒಂದೊಂದು ಅಲ್ಪವಿರಾಮಕ್ಕೂ ಒಂದೊಂದು ಹೆಜ್ಜೆ. ಅದನ್ನೇ 1,00,00,00,000 ಎಂದು ಬರೆದಿರೋ, ಮೂರು ಹೆಜ್ಜೆ ನಾಲ್ಕಾಗಿ ಕಾಣುತ್ತದೆ. ಚದರಕ್ಕೆ ಬಂದರೆ ಹೆಜ್ಜೆಗೆ ಆರು ಸೊನ್ನೆ: ಒಂದು ಚದರ ಮಿಲಿಮೀಟರಿಗೆ ಸಾವಿರವಲ್ಲ, ಹತ್ತು ಲಕ್ಷ ಚದರ ಮೈಕ್ರಾನ್. ಇನ್ನು ಎಕ್ಸೆಲ್. 500 ಮೈಕ್ರಾನನ್ನು ಮೀಟರಿಗೆ ಬದಲಿಸಿ ಎರಡೇ ದಶಾಂಶ ತೋರಿಸುವ ಚೌಕದಲ್ಲಿ ಹಾಕಿದರೆ 0.0005 ಹೋಗಿ 0.00 ಕಾಣುತ್ತದೆ. ಒಳಗೆ ಸಂಖ್ಯೆ ಹಾಗೇ ಇರುತ್ತದೆ ನಿಜ, ಆದರೆ ಪ್ರಿಂಟಿಗೆ ಸಹಿ ಹಾಕುವವರ ಪಾಲಿಗೆ ಹಾಳೆಗೆ ದಪ್ಪವೇ ಇಲ್ಲ.

ಈ ತಾಪತ್ರಯಕ್ಕೆಲ್ಲ ಒಂದು ಸುಲಭದ ಉಪಾಯವಿದೆ. ಹೇಳುವ ಮುಂಚೆ ನಿಜವಾದ ತಪ್ಪಿತಸ್ಥನ ವಿಚಾರಣೆ ಮುಗಿಯಲಿ.

ಮೈಕ್ರೋಗೆ ಗುರುತು ಗ್ರೀಕಿನ ಮ್ಯೂ. ನೋಡಲು ಇಂಗ್ಲಿಷಿನ ಯು, ಎಡಗಡೆ ಕೆಳಕ್ಕೊಂದು ಬಾಲ. ನಮ್ಮ ಕೀಲಿಮಣೆಯಲ್ಲಿ ಅದಕ್ಕೆ ಜಾಗವಿಲ್ಲ. ವರ್ಡಿನಲ್ಲಿ ಎಂ ಒತ್ತಿ, ಅದೊಂದಕ್ಕೆ ಸಿಂಬಲ್ ಫಾಂಟು ಕೊಟ್ಟು ಮ್ಯೂ ಮೂಡಿಸುವುದು ಹಳೆಯ ರೂಢಿ. ಪಕ್ಕದಲ್ಲಿ ಇನ್ನೊಂದು ಎಂ, ಮೀಟರಿನದು. ಯಾರೋ ಪುಣ್ಯಾತ್ಮರು ಚಂದ ಕಾಣಲೆಂದು ಇಡೀ ಕಡತವನ್ನು ಒಂದೇ ಫಾಂಟಿಗೆ ತಂದರೆ ಮ್ಯೂ ವೇಷ ಕಳಚಿ ಮತ್ತೆ ಎಂ ಆಗಿಬಿಡುತ್ತದೆ. ಎಂ, ಎಂ. ಒಂದು ಸೊನ್ನೆಯೂ ಅಲುಗಿಲ್ಲ, ಅಳತೆ ಸಾವಿರ ಪಟ್ಟು ಊದಿಕೊಂಡಿದೆ. ಅಡಿಯಲ್ಲಿ ಕೆಂಪು ಗೆರೆಯೂ ಬರುವುದಿಲ್ಲ. ಮಿಲಿಮೀಟರು ಕಾಗುಣಿತ ದೋಷವಲ್ಲವಲ್ಲ!

ಕನ್ನಡದಲ್ಲಂತೂ ಇನ್ನೂ ಸೊಗಸು. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟಿದ್ದವು. ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ 181ನೇ ಮನೆ ಮ್ಯೂನದು. ಅಲ್ಲಿ ಬಿಡಾರ ಹೂಡಿದ್ದು ಷ, ಅದೂ ತಲೆಕಟ್ಟಿಲ್ಲದ್ದು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಕಡತ ತೆರೆದು ನೋಡಿ: ಭಾಷೆ, ವಿಷಯ, ವರ್ಷ ಎಲ್ಲದರ ಹೊಟ್ಟೆಯಲ್ಲೂ ಒಂದೊಂದು ಮ್ಯೂ ಇಣುಕುತ್ತಿರುತ್ತದೆ. ಇದರ ಉಲ್ಟಾ ಆಗುವುದೂ ಇದೆ. ಇಂಗ್ಲಿಷ್ ಪಟ್ಟಿಯಿಂದ ಅಳತೆಯನ್ನು ಎತ್ತಿ ತಂದು ನುಡಿ ಫಾಂಟು ಹಾಕಿದರೆ 500ರ ಪಕ್ಕ ರುಂಡವಿಲ್ಲದ ಷ ಬಂದು ನಿಲ್ಲುತ್ತದೆ. ಟೈಪು ಮಾಡುವವರಾದರೂ ಏನು ಮಾಡಬೇಕು? ಅದನ್ನು ಅಳಿಸಿ ತಮಗೆ ಗೊತ್ತಿರುವ ಮಿ.ಮೀ. ಒತ್ತುತ್ತಾರೆ. ಎಲ್ಲ ಭಾಷೆಯ ಅಕ್ಷರಗಳಿಗೂ ಸ್ವಂತ ಮನೆ ಕೊಡುವ ಯೂನಿಕೋಡ್ ಬಂತು, ಪೀಡೆ ತೊಲಗಿತು ಎನ್ನೋಣವೆಂದರೆ ಅಲ್ಲಿ ಮ್ಯೂ ಎರಡು! ಅಳತೆಯದೊಂದು, ಗ್ರೀಕರದೊಂದು. ಕಣ್ಣಿಗೆ ಅವಳಿ, ಕಂಪ್ಯೂಟರಿಗೆ ಅಪರಿಚಿತರು.

ಆಗಲೇ ಹೇಳಿದ ಸುಲಭದ ಉಪಾಯ ಇದೇ: ಮೈಕ್ರಾನ್ ಎಂದು ಪೂರ್ತಿ ಬರೆದಿದ್ದರೆ ಈ ರಂಪವೇ ಇರುತ್ತಿರಲಿಲ್ಲ. ಅಂಥ ಒಳ್ಳೆಯ ಹೆಸರನ್ನು 1967–68ರಲ್ಲಿ ತೂಕ ಮತ್ತು ಅಳತೆಗಳ 13ನೇ ಅಂತರರಾಷ್ಟ್ರೀಯ ಮಹಾಸಭೆ ರದ್ದು ಮಾಡಿತು, ಮೈಕ್ರೋಮೀಟರ್ ಎನ್ನಬೇಕಂತೆ. ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಮೈಕ್ರೋಮೀಟರ್ ಕೇಳಿದರೆ ಕೈಗೆ ಬರುವುದು ತಿರುಪು ತಿರುಗಿಸಿ ಅಳೆಯುವ ಉಪಕರಣ. ‘ಇನ್ನೂ ಇಪ್ಪತ್ತು ಮೈಕ್ರಾನ್ ಜಾಸ್ತಿ ಇದೆ, ಇನ್ನೊಂದ್ ಕಟ್ ತಗೋ’ ಎಂಬ ಮಾತಿನಲ್ಲಿ ಗೊಂದಲಕ್ಕೆ ಎಡೆಯೆಲ್ಲಿ? ಪ್ಲಾಸ್ಟಿಕ್ ಕೈಚೀಲಕ್ಕೆ ಕೇಂದ್ರ ನಿಯಮ ಹೇಳುವ ಕನಿಷ್ಠ ದಪ್ಪ 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120 ಎಂದು ಏರುತ್ತ ಬಂದದ್ದೂ ಮೈಕ್ರಾನ್ ಲೆಕ್ಕದಲ್ಲೇ. ಸಂತೆಯ ಸೊಪ್ಪಿನವರಿಗೂ ಗೊತ್ತಿರುವ ಪದ ವಿಜ್ಞಾನಿಗಳಿಗೆ ಬೇಡವಾಯಿತು.

ದರಪಟ್ಟಿ ಕೊನೆಗೂ ಬದಲಾಯಿತು. ಯಾರೋ ಅರ್ಧ ಮಿಲಿಮೀಟರು ಇರಬೇಕೆಂದು ತಿಳಿಹೇಳಿರಬೇಕು; ಇನ್ಯಾರೋ ಮೈಕ್ರಾನ್ ಎಂದು ಹಾಕಿ ಅಂದಿರಬೇಕು. ಇಬ್ಬರಿಗೂ ಮರ್ಯಾದೆ ಕೊಟ್ಟು ತಿದ್ದಿದ ಹೊಸ ಪಟ್ಟಿಯಲ್ಲಿ ದಪ್ಪ: 0.5 ಮೈಕ್ರಾನ್. ಕೋಟೆ ಗೋಡೆಯಂತಿದ್ದ ಹಾಳೆ ಹತ್ತು ಲಕ್ಷ ಪಟ್ಟು ತೆಳುವಾಗಿ ಸೋಪಿನ ಗುಳ್ಳೆಯ ಪೊರೆಗೆ ಬಂದು ನಿಂತಿದೆ. ದರ ಮಾತ್ರ ಹಿಂದಿನದೇ.