ಐದನೇ ಮನೆಯಿಂದ ಹೊರಬಿದ್ದವನು

ಹದಿನಾಲ್ಕನೆಯ ವಯಸ್ಸಿನವರೆಗೆ ನಾನು ಐದನೇ ಮನೆಯ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಐದನೇ ಬಿಳಿ ಮನೆಯನ್ನು ‘ಸ’ ಮಾಡಿಕೊಂಡು, ನಿರಾಯಾಸವಾಗಿ ಹಾಡುತ್ತಿದ್ದೆ. ಸಿದ್ದಾಪುರದ ಕಡೆಯ ನಮ್ಮ ಊರಿನಲ್ಲಿ ಯಾವ ಸಭೆ ನಡೆದರೂ ಪ್ರಾರ್ಥನೆಗೆ ನನ್ನನ್ನೇ ಎಬ್ಬಿಸುತ್ತಿದ್ದರು. ಆ ವರ್ಷದ ಜುಲೈ ತಿಂಗಳಲ್ಲಿ ನನ್ನ ದನಿ ಒಡೆಯಿತು. ಕೊಡಗಿನ ಮಳೆಗಾಲದಲ್ಲಿ ಹರೆಯಕ್ಕೂ ನೆಗಡಿಗೂ ವ್ಯತ್ಯಾಸ ತಿಳಿಯುವುದು ಕಷ್ಟವಾದ್ದರಿಂದ, ಮನೆಯವರು ಎರಡು ತಿಂಗಳು ನನಗೆ ಕಾಳುಮೆಣಸಿನ ಕಷಾಯ ಕುಡಿಸಿದರು. ಮೀಸೆ ಮೊಳೆತ ಮೇಲಷ್ಟೇ ಆ ಚಿಕಿತ್ಸೆ ನಿಂತಿತು.

ಈ ನಡುವೆ ಒಂದು ಸಂಜೆ ಮೆಣಸಿನ ವ್ಯಾಪಾರಿಯೊಬ್ಬರ ದೂರವಾಣಿ ಕರೆಗೆ ನಾನು ಉತ್ತರಿಸಿದೆ. ನನ್ನ ‘ಹಲೋ’ವನ್ನು ಅಪ್ಪನದೆಂದು ಭಾವಿಸಿದ ಅವರು ದರದ ವಿಷಯವನ್ನೆಲ್ಲ ವಿವರಿಸಿ ಮುಗಿಸಿದಾಗ, ಅಪ್ಪ ಮನೆಯಲ್ಲಿಲ್ಲವೆಂದು ಹೇಳಲು ಬಾಯಿ ತೆರೆದೆ. ವಾಕ್ಯದ ನಡುವೆ ದನಿ ಹಠಾತ್ತನೆ ಮೇಲಕ್ಕೆ ಜಿಗಿಯಿತು. ಅಮ್ಮ ಫೋನನ್ನು ಕಸಿದುಕೊಂಡರೆಂದು ತಿಳಿದ ಆ ಸಜ್ಜನರು, ‘ಕ್ಷಮಿಸಿ ಅಕ್ಕಾ, ಕಿಲೋಗೆ ಇನ್ನು ಐದು ರೂಪಾಯಿ ಹೆಚ್ಚಿಗೆ ಕೊಡುತ್ತೇನೆ’ ಎಂದರು. ನನ್ನ ಒಡೆದ ದನಿಯಿಂದ ಮನೆಗೆ ಆದ ಲಾಭ ಅದೊಂದೇ.

ಹರೆಯದಲ್ಲಿ ಧ್ವನಿಪೆಟ್ಟಿಗೆ ಬೆಳೆದು, ಸ್ವರತಂತುಗಳು ಉದ್ದವೂ ದಪ್ಪವೂ ಆಗಿ, ಹುಡುಗರ ದನಿ ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ ‘ಸ’ದಿಂದ ಕೆಳಗಿನ ‘ಸ’ದವರೆಗಿನಷ್ಟು, ಕೆಳಗಿಳಿಯುತ್ತದೆ. ತಂಬೂರಿಯ ತಂತಿಗಳನ್ನು ಯಾರೋ ರಾತ್ರಿ ಬದಲಿಸಿ, ನುಡಿಸುವವನಿಗೆ ತಿಳಿಸದೆ ಹೋದಂತಾಗುತ್ತದೆ. ಹಳೆಯ ಎತ್ತರವನ್ನು ಮತ್ತೆ ಮುಟ್ಟಲು ಉಳಿಯುವ ದಾರಿ ಫಾಲ್ಸೆಟೊ, ಅಂದರೆ ಕಳ್ಳದನಿ. ಅದರಲ್ಲಿ ತಂತುಗಳು ಎಳೆದುಕೊಂಡು ತೆಳ್ಳಗಾಗಿ ಮುಖ್ಯವಾಗಿ ಅಂಚುಗಳಷ್ಟೇ ಕಂಪಿಸುತ್ತವೆ. ಅಂಚುಗಳು ಸರಿಯಾಗಿ ಕೂಡದಿದ್ದರೆ ನಡುವಿನಿಂದ ಗಾಳಿ ಸೋರುತ್ತದೆ. ನನ್ನದಂತೂ ಗ್ಯಾಸ್ಕೆಟ್ ಸವೆದ ಕುಕ್ಕರಿನಂತೆ ಸ್ವರಕ್ಕಿಂತ ಉಗಿಯನ್ನೇ ಹೆಚ್ಚು ಬಿಡುತ್ತಿತ್ತು. ಕಳ್ಳದನಿಯನ್ನು ರೂಢಿಸಿಕೊಳ್ಳುತ್ತಿದ್ದೇನೆಂದು ಅಜ್ಜಿಗೆ ಹೇಳಿದಾಗ, ‘ಕದಿಯುವುದೇ ಆಗಿದ್ದರೆ ಸ್ವಲ್ಪ ಒಳ್ಳೆಯದನ್ನು ಕದಿಯಬಾರದಿತ್ತೇ?’ ಎಂದು ಕೇಳಿದರು.

ಮೊದಲ ತಿಂಗಳು ನಾನು ಮಾಡಿದ್ದೆಲ್ಲವೂ ತಪ್ಪು. ಎತ್ತರದ ಸ್ವರಕ್ಕೆ ಜೋರಾಗಿ ಕಿರುಚಬೇಕೆಂದು ನಂಬಿ, ಕತ್ತಿನ ನರಗಳು ಉಬ್ಬುವಂತೆ ಕಿರುಚಿ, ಇದ್ದ ದನಿಯನ್ನೂ ಒಂದು ವಾರ ಕಳೆದುಕೊಂಡೆ. ಆಮೇಲೆ ಸಂಗೀತದ ಮೇಷ್ಟರೊಬ್ಬರು ಸರಿಯಾದ ಕ್ರಮವನ್ನು ಹೇಳಿಕೊಟ್ಟರು: ಮೆಲುದನಿಯಲ್ಲಿ ‘ಊ’ ಎಂದು ಮೇಲಿನಿಂದ ಹಿಡಿದು ನಿಧಾನವಾಗಿ ಕೆಳಗೆ ಜಾರಬೇಕು, ದಿನಕ್ಕೆ ಹತ್ತೇ ನಿಮಿಷ ಸಾಕು, ಗಂಟಲು ನೊಂದರೆ ಆ ಕ್ಷಣವೇ ನಿಲ್ಲಿಸಬೇಕು. ಕೆಳದನಿ ಕಳ್ಳದನಿಗೆ ತಿರುಗುವ ಜಾಗದಲ್ಲಿ ನಾನು ಪ್ರತಿಸಲವೂ ಎಡವುತ್ತಿದ್ದೆ. ಅದಕ್ಕೆ ಅವರು, ‘ಸಂಪಾಜೆ ಘಾಟಿಯಲ್ಲಿ ಗೇರನ್ನು ತಿರುವಿನ ನಡುವೆ ಬದಲಿಸುತ್ತಾರೆಯೇ? ತಿರುವಿಗೆ ಮುಂಚೆಯೇ ದನಿಯನ್ನು ಹಗುರ ಮಾಡಿಕೋ’ ಎಂದರು. ಅದುವರೆಗೆ ನಾನು ಪೂರ್ತಿ ಹೊರೆ ಹೊತ್ತ ಮರದ ಲಾರಿಯಂತೆ ತಿರುವಿಗೆ ನುಗ್ಗುತ್ತಿದ್ದೆನೆಂಬುದು ಆಗ ಅರಿವಾಯಿತು.

ಮನೆಯಲ್ಲಿ ಅಭ್ಯಾಸಕ್ಕೆ ಅನುಮತಿ ಸಿಗದ ಕಾರಣ, ಒಂದು ಮುಂಜಾನೆ ಮಂಜಿನಲ್ಲಿ ಕಾಫಿ ತೋಟದ ಮೇಲ್ತುದಿಗೆ ಹೋದೆ. ಸುತ್ತ ಯಾರೂ ಇರಲಿಲ್ಲವಾದ್ದರಿಂದ ಮೇಷ್ಟರ ‘ಮೆಲುದನಿ’ಯ ಷರತ್ತನ್ನು ಮರೆತು, ಗಾಳಿ ಸೋರದ ಮೊದಲ ‘ಊ’ವನ್ನು ತೋಟದ ತುಂಬ ಹರಿಯಬಿಟ್ಟೆ. ನಮ್ಮ ಕಡೆ ಅಪಾಯ ಕಂಡವರು ಕೂ ಹಾಕಿಯೇ ಇತರರನ್ನು ಎಚ್ಚರಿಸುವುದೆಂಬ ವಿಚಾರ ಆ ಸಂತೋಷದಲ್ಲಿ ನನಗೆ ಹೊಳೆಯಲಿಲ್ಲ. ಕೆಳಗಿನ ಕಾರ್ಮಿಕರ ಲೈನ್ ಮನೆಗಳಿಂದ ಒಂದು ಕೂ ಬಂತು, ಪಕ್ಕದ ತೋಟದಿಂದ ಇನ್ನೊಂದು, ಹಿಂದೆಯೇ ಪಟಾಕಿಯ ಸದ್ದು, ‘ಆನೆ, ಆನೆ’ ಎಂಬ ಬೊಬ್ಬೆ. ಎಲ್ಲರಿಗಿಂತ ವೇಗವಾಗಿ ಓಡಿ ಕಣದ ಪಕ್ಕದ ಶೆಡ್ಡಿನ ಮಾಡಿನ ಮೇಲೆ ಹತ್ತಿ ಕುಳಿತವನು ನಾನೇ. ಅಂದು ಕೆಲಸಕ್ಕೆ ಬಂದವರು ಹನ್ನೊಂದು ಗಂಟೆಯವರೆಗೆ ತೋಟದೊಳಗೆ ಕಾಲಿಡಲಿಲ್ಲ. ಒಂದು ಲದ್ದಿಯೂ ಸಿಗಲಿಲ್ಲವಲ್ಲ ಎಂದು ಎಲ್ಲರೂ ಆಶ್ಚರ್ಯಪಡುತ್ತಿದ್ದಾಗ, ಅಜ್ಜಿ ನನ್ನತ್ತ ನೋಡಿದ ನೋಟದಿಂದಲೇ ಆನೆ ಯಾರೆಂಬುದು ನನಗೂ ಗೊತ್ತಾಯಿತು.

ಈಗ ನನ್ನ ಕಳ್ಳದನಿ ಐದನೇ ಮನೆಯ ಮೇಲಿನ ಷಡ್ಜವನ್ನು ಸೋರದೆ ಮುಟ್ಟುತ್ತದೆ. ಪಕ್ಕದ ತೋಟದವರು ಮಾತ್ರ ಕೂ ಕೇಳಿದಾಗಲೆಲ್ಲ, ಪಟಾಕಿಗೆ ಕಡ್ಡಿ ಗೀರುವ ಮೊದಲು ನಮ್ಮ ಮನೆಗೆ ಫೋನ್ ಮಾಡಿ ನಾನು ಎಲ್ಲಿದ್ದೇನೆಂದು ವಿಚಾರಿಸುತ್ತಾರೆ.